ಬೆಲೆಯ ಏರಿಳಿತ ಮತ್ತು ನಿರುದ್ಯೋಗದ ಅಳತೆ

ದುಡಿಯುತ್ತಿರುವವರು ಹಾಗೂ ಕೆಲಸ ಹುಡುಕುತ್ತಿರುವ ಅಥವಾ ದೊರೆತರೆ ದುಡಿಯಲು ಸಿದ್ಧರಿರುವವರು ಸೇರಿ ಶ್ರಮಶಕ್ತಿ ಎನಿಸುತ್ತಾರೆ. ಶ್ರಮಶಕ್ತಿಯಲ್ಲಿ ನಿರುದ್ಯೋಗಿಗಳ ಶೇಕಡಾ ಪ್ರಮಾಣವೇ ನಿರುದ್ಯೋಗ ದರ. ಈ ವ್ಯಾಖ್ಯೆಯನ್ನು ಮಕ್ಕಳು ಬೇಗನೆ ಕಲಿಯುತ್ತಾರೆ. ಆದರೆ ಜನವರಿಯಲ್ಲಿ ಕಾಫಿ ಕೊಯ್ಲಿಗೆ ಹೋಗಿ ಮಳೆಗಾಲದಲ್ಲಿ ಕೆಲಸವಿಲ್ಲದೆ ಉಳಿಯುವ ಕೂಲಿಕಾರರು ಉದ್ಯೋಗಿಗಳೋ ನಿರುದ್ಯೋಗಿಗಳೋ ಎಂಬ ಪ್ರಶ್ನೆ ವಯನಾಡಿನ ತರಗತಿಯಲ್ಲಿ ಸಹಜವಾಗಿ ಏಳುತ್ತದೆ.

ಎಷ್ಟು ಅವಧಿಯನ್ನು ಗಮನಿಸಿ ಅಳೆಯಲಾಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ದಾಂತ್ವಾಲಾ ಸಮಿತಿಯ 1970ರ ವರದಿಯನ್ನು ಅನುಸರಿಸಿ, 1972–73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಮೂರು ಅಳತೆಗಳು ಬಳಕೆಗೆ ಬಂದವು.

1. ಸಾಮಾನ್ಯ ಸ್ಥಿತಿ: ಹಿಂದಿನ 365 ದಿನಗಳನ್ನು ನೋಡುತ್ತದೆ. ಪೂರಕ ಕೆಲಸವನ್ನೂ ಪರಿಗಣಿಸುವ ಈಗಿನ ಕ್ರಮದಲ್ಲಿ 30 ದಿನ ದುಡಿದವರೂ ಉದ್ಯೋಗಿಗಳೇ.
2. ವಾರದ ಸ್ಥಿತಿ: ಹಿಂದಿನ 7 ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದರೂ ಉದ್ಯೋಗಿ.
3. ದೈನಿಕ ಸ್ಥಿತಿ: ಆ 7 ದಿನಗಳ ಪ್ರತಿ ದಿನವನ್ನೂ, ಅರ್ಧ ದಿನವನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ.

ಉದಾಹರಣೆ: ಒಬ್ಬ ಕಲ್ಪಿತ ಕೂಲಿಕಾರ್ಮಿಕಳು ವಾರದಲ್ಲಿ 2 ದಿನ ದುಡಿದಳು, 4 ದಿನ ಕೆಲಸಕ್ಕೆ ಸಿದ್ಧಳಿದ್ದರೂ ಕೆಲಸ ದೊರೆಯಲಿಲ್ಲ, 1 ದಿನ ವಿಶ್ರಾಂತಿ ಪಡೆದಳು. ವಾರದ ಸ್ಥಿತಿಯಲ್ಲಿ ಆಕೆ ಉದ್ಯೋಗಿ. ದೈನಿಕ ಸ್ಥಿತಿಯಲ್ಲಿ ಶ್ರಮಶಕ್ತಿಯ 6 ದಿನಗಳಲ್ಲಿ 4 ನಿರುದ್ಯೋಗದ ದಿನಗಳು, ಅಂದರೆ ಶೇಕಡಾ 66.7.

ಬೆಲೆಯ ಏರಿಳಿತ ಇಲ್ಲಿಯೇ ಮುಖ್ಯವಾಗುತ್ತದೆ. 1999ರಲ್ಲಿ ಕಿಲೋಗೆ 200 ರೂಪಾಯಿ ಮೀರಿದ್ದ ಕರಿಮೆಣಸಿನ ಬೆಲೆ ಎರಡು-ಮೂರು ವರ್ಷಗಳಲ್ಲಿ 100ಕ್ಕಿಂತ ಕೆಳಗಿಳಿಯಿತು. ಕಾಫಿಯ ಬೆಲೆಯೂ ಕುಸಿಯಿತು. ವಯನಾಡಿನಲ್ಲಿ ಸಾಲದ ಹೊರೆ ಹೆಚ್ಚಿ, ರೈತರ ಆತ್ಮಹತ್ಯೆಗಳು ಸಂಭವಿಸಿದವು. ಬೆಲೆ ಬಿದ್ದಾಗ ಬೆಳೆಗಾರನು ಕಳೆ ಕೀಳಿಸುವುದನ್ನೂ ಗೊಬ್ಬರ ಹಾಕಿಸುವುದನ್ನೂ ಕಡಿಮೆ ಮಾಡುತ್ತಾನೆ. ಕೂಲಿಕಾರರು ಪೂರ್ಣವಾಗಿ ಕೆಲಸ ಕಳೆದುಕೊಳ್ಳದಿರಬಹುದು. ಆದರೆ ಅವರ ಕೆಲಸದ ದಿನಗಳು ಕರಗುತ್ತವೆ. ಈ ನಷ್ಟ ವಾರ್ಷಿಕ ಅಳತೆಯಲ್ಲಿ ಮರೆಯಾಗಿ, ದೈನಿಕ ಅಳತೆಯಲ್ಲಿ ಗೋಚರಿಸುತ್ತದೆ. ಆದುದರಿಂದ ದರ ಸ್ಥಿರವಾಗಿದೆ ಎಂದ ಮಾತ್ರಕ್ಕೆ ಬದುಕೂ ಸ್ಥಿರವಾಗಿದೆ ಎಂದು ತಿಳಿಯಲಾಗದು.

ಶಿಕ್ಷಕರಿಗೆ ಸೂಚನೆ: ಮಕ್ಕಳ ಮನೆಯ ಆದಾಯವನ್ನಾಗಲಿ ಹೆತ್ತವರ ಕೂಲಿಯನ್ನಾಗಲಿ ತರಗತಿಯಲ್ಲಿ ವಿಚಾರಿಸಬಾರದು. ಕಲ್ಪಿತ ವ್ಯಕ್ತಿಯ ವಾರದ ಪಟ್ಟಿಯನ್ನು ಕೊಟ್ಟು ಲೆಕ್ಕ ಮಾಡಿಸಬೇಕು.

ಮೌಲ್ಯಮಾಪನ: ಮೇಲಿನ ಕಾರ್ಮಿಕಳಿಗೆ ಮುಂದಿನ ವಾರ 3 ದಿನ ಕೆಲಸ ದೊರೆತು, 3 ದಿನ ದೊರೆಯದೆ, 1 ದಿನ ವಿಶ್ರಾಂತಿಯಾದರೆ ಯಾವ ಅಳತೆ ಬದಲಾಗುತ್ತದೆ? ಯಾವುದು ಬದಲಾಗುವುದಿಲ್ಲ? ಏಕೆ?