ತಂಡ ಕಟ್ಟುವಲ್ಲಿನ ತೊಡಕು

ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದಲ್ಲಿ 1956ರ ವೇಳೆಗೆ ಕೂಸಿ, ಶರ್ಮನ್, ಮೆಕಾಲೆ ಮುಂತಾದ ನಿಪುಣರಿದ್ದರೂ ಪ್ರಶಸ್ತಿ ಒಮ್ಮೆಯೂ ದಕ್ಕಿರಲಿಲ್ಲ. ಅಂಕ ಗಳಿಸುವವರು ಬೇಕಾದಷ್ಟಿದ್ದರು. ಬುಟ್ಟಿಗೆ ತಾಗಿ ಮರಳುವ ಚೆಂಡನ್ನು ಹಿಡಿದು, ಎದುರಾಳಿಗಳ ಎಸೆತವನ್ನು ತಡೆಯಬಲ್ಲ ಸಮರ್ಥರಿರಲಿಲ್ಲ. ತರಬೇತುದಾರ ರೆಡ್ ಔರ್‌ಬ್ಯಾಕ್ ಅವರು ಇದನ್ನರಿತು, ಜನಪ್ರಿಯರಾದ ಮೆಕಾಲೆಯವರನ್ನೂ ತರುಣ ಹೇಗನ್‌ರನ್ನೂ ಸೇಂಟ್ ಲೂಯಿಸ್ ತಂಡಕ್ಕೆ ಬಿಟ್ಟುಕೊಟ್ಟು, ಬಿಲ್ ರಸೆಲ್‌ರನ್ನು ಆರಿಸಿಕೊಳ್ಳುವ ಹಕ್ಕನ್ನು ಪಡೆದರು. 1957ರಲ್ಲಿ ಮೊದಲ ಪ್ರಶಸ್ತಿ ಬಂದಿತು. ಆದರೆ ಮರುವರ್ಷದ ಅಂತಿಮ ಸರಣಿಯಲ್ಲಿ ರಸೆಲ್ ಗಾಯಗೊಂಡರು. ಕಳುಹಿಸಿದ್ದ ಆ ಇಬ್ಬರೂ ಇದ್ದ ಸೇಂಟ್ ಲೂಯಿಸ್ ತಂಡವೇ ಗೆದ್ದಿತು. ಕೊಟ್ಟ ಬೆಲೆ ಅಲ್ಪದ್ದಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? ಬಳಿಕ 1959ರಿಂದ 1966ರವರೆಗೆ ಸತತ 8 ಪ್ರಶಸ್ತಿಗಳು ಬಾಸ್ಟನ್ನಿಗೆ ಸಂದವು. 1966ರಲ್ಲಿ ಔರ್‌ಬ್ಯಾಕ್ ತರಬೇತಿಯ ಹೊಣೆಯನ್ನು ರಸೆಲ್‌ರಿಗೇ ಒಪ್ಪಿಸಿದರು. ಆ ಸಂಘದ ಪ್ರಥಮ ಕಪ್ಪುವರ್ಣೀಯ ಮುಖ್ಯ ತರಬೇತುದಾರರಾದ ಅವರು ತಾವೂ ಆಡುತ್ತ 1968 ಮತ್ತು 1969ರಲ್ಲಿ ತಂಡವನ್ನು ಗೆಲ್ಲಿಸಿದರು.