ಮಳೆ ಕೈಕೊಟ್ಟ ವರ್ಷ ಹಿತ್ತಲ ತೋಟಕ್ಕೆ ನೀರಿನ ಲೆಕ್ಕ

ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲಿ ಕೈತೋಟದ ವಸಂತದ ಕೆಲಸಗಳು ಶಿವರಾತ್ರಿಯ ಆಸುಪಾಸಿನಲ್ಲಿ ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯಬೇಕು. ಆಮೇಲೆ ಬಿಸಿಲು 40 ಡಿಗ್ರಿ ದಾಟುತ್ತದೆ, ಎಳೆ ಸಸಿ ಬೇರೂರುವುದು ಕಷ್ಟ. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟರೆ ನೆಲದಾಳದ ಹಸಿ ಅದಕ್ಕೂ ಮೊದಲೇ ಆರಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು; ಮರುವರ್ಷದ ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಅಂಥ ವರ್ಷ ಬೀಜ ತರುವ ಮೊದಲು ಮನೆಯ ನೀರನ್ನು ಅಳೆಯಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮಡಿಗೆ ಒಂದು ಲೀಟರ್ ಸುರಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಇಲ್ಲಿನ ಏಪ್ರಿಲ್ ಬಿಸಿಲಿನಲ್ಲಿ ತುಂಬಿ ಬೆಳೆದ ತರಕಾರಿ ಮಡಿಗೆ ದಿನಕ್ಕೆ ಸುಮಾರು 6 ಮಿಲಿಮೀಟರ್ ಬೇಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಮಡಿಗೆ 24 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕೊಡ. ದಿನಕ್ಕೆ ನಾಲ್ಕು ಕೊಡ ನೀರು ಉಳಿಯುವ ಮನೆಯಲ್ಲಿ ಒಂದೇ ಮಡಿ ಹಾಕುವುದು ಜಾಣತನ. ಉಳಿದ ನೀರು ನಿಂಬೆ, ಕರಿಬೇವು, ಪೇರಲ, ಮಲ್ಲಿಗೆಯ ಪಾಲು. ಬೆಂಡೆ ಒಣಗಿದರೆ ಮುಂಗಾರಿನಲ್ಲಿ ಮತ್ತೆ ಬಿತ್ತಬಹುದು. ಹತ್ತು ವರ್ಷದ ನಿಂಬೆ ಒಣಗಿದರೆ ಹತ್ತು ವರ್ಷವೇ ಹೋದಂತೆ.

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಯಾವ ಗಿಡಕ್ಕೂ ಆಗುತ್ತದೆ. ಬಟ್ಟೆಯನ್ನು ಕೊನೆಯ ಬಾರಿ ಜಾಲಿಸಿದ ನೀರನ್ನು ಮರಗಳಿಗಷ್ಟೇ ಹಾಕಬೇಕು. ಸೋಪಿನ ಪುಡಿಯ ಸೋಡಿಯಂ ಎರೆ ಮಣ್ಣನ್ನು ಗಟ್ಟಿಗೊಳಿಸಿ, ನೀರು ಇಂಗದಂತೆ ಮಾಡುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಬೋರ್‌ವೆಲ್ ನೀರಿಗಿಂತ ಹೆಚ್ಚು ಉಪ್ಪು. ಅದು ನೆಲ ಒರೆಸಲು, ಪಾಯಖಾನೆಗೆ ಸಾಕು, ತೋಟಕ್ಕೆ ಬೇಡ.

ಮುಂದಿನದು ನೆಲದ ಕೆಲಸ. ಎರೆ ನೆಲ ಒಣಗಿದರೆ ಬಿರಿಯುತ್ತದೆ, ಬಿರುಕಿನೊಳಗಿಂದಲೂ ಹಸಿ ಹಾರಿಹೋಗುತ್ತದೆ. ಬಿರುಕುಗಳಿಗೆ ಪುಡಿ ಮಣ್ಣು ಮತ್ತು ಕಳಿತ ತಿಪ್ಪೆಗೊಬ್ಬರ ತುಂಬಿ, ಕುರ್ಚಿಗಿಯಿಂದ ಮೇಲಿನ ಎರಡು ಬೆರಳಷ್ಟು ಮಣ್ಣನ್ನು ಸಡಿಲಿಸಬೇಕು. ಮಸಾರಿ ನೆಲದಲ್ಲಿ ಬಿರುಕಿನ ಕಾಟವಿಲ್ಲ, ಆದರೆ ಹಾಕಿದ ನೀರು ಬೇಗ ಕೆಳಗಿಳಿಯುತ್ತದೆ; ಅಲ್ಲಿ ಗೊಬ್ಬರ ಹೆಚ್ಚು ಬೇಕು, ನೀರನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ಎರಡೂ ಕಡೆ ಮಡಿ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ತಗ್ಗಾಗಿರಲಿ.

ನಂತರ ಹೊದಿಕೆ. ಮಾನ್ವಿ ಕಡೆ ನೆಲ್ಲುಹುಲ್ಲು ಸಿಗುತ್ತದೆ. ಅದಿಲ್ಲದಿದ್ದರೆ ಜೋಳದ ಕಣಿಕೆ ಕತ್ತರಿಸಿ ಹರಡಬಹುದು. ಬೇವು ಎಲೆ ಉದುರಿಸುವುದೂ ಇದೇ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುವ ಆ ಎಲೆ ತೋಟಕ್ಕೆ ಬಂದರೆ ಪುಕ್ಕಟೆ ಹೊದಿಕೆಯಾಗುತ್ತದೆ, ಸುಡುವುದನ್ನು ನಿಲ್ಲಿಸಬೇಕು. ನಾಲ್ಕು ಬೆರಳು ದಪ್ಪ ಸಾಕು. ಗೆದ್ದಲು ಹತ್ತದಂತೆ ಕಾಂಡದಿಂದ ಒಂದು ಗೇಣು ಬಿಟ್ಟು ಹರಡಬೇಕು.

ನೀರು ಕೊಡಲು ಮಣ್ಣಿನ ಗಡಿಗೆಯಷ್ಟು ಒಳ್ಳೆಯ ಸಾಧನ ಮತ್ತೊಂದಿಲ್ಲ. ಬಣ್ಣ ಬಳಿಯದ, ಎಂಟು ಹತ್ತು ಲೀಟರಿನ ಗಡಿಗೆಯನ್ನು ಬಾಯಿ ಮಾತ್ರ ಕಾಣುವಂತೆ ಹೂತು, ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಿಗಿಯಾಗಿ ಮುಚ್ಚಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಗಡಿಗೆ ಜಿನುಗುತ್ತದೆ, ಹಸಿಯಿದ್ದಾಗ ತಾನೇ ನಿಧಾನಿಸುತ್ತದೆ. ಗೇಣು ದೂರದಲ್ಲಿ ಹೀರೆ, ಸೌತೆ ಬೀಜ ಊರಬಹುದು. ಕುಡಿಯುವ ನೀರು ತಣ್ಣಗಾಗದ ಹಳೆಯ ಗಡಿಗೆ ಇಲ್ಲಿಯೂ ಕೆಲಸಕ್ಕೆ ಬಾರದು: ಅದರ ರಂಧ್ರಗಳು ಮುಚ್ಚಿರುತ್ತವೆ, ನೀರು ಜಿನುಗುವುದಿಲ್ಲ. ನಿಂಬೆಯಂಥ ಗಿಡಕ್ಕೆ ಬುಡದಲ್ಲಿ ಸುರಿಯದೆ, ಮಧ್ಯಾಹ್ನ ನೆರಳು ಬೀಳುವ ಅಂಚಿನಲ್ಲಿ ಎರಡು ಗಡಿಗೆ ಹೂಳಬೇಕು. ನೀರು ಹೀರುವ ಎಳೆ ಬೇರುಗಳು ಹೆಚ್ಚಾಗಿರುವುದು ಅಲ್ಲಿ.

ಬಿತ್ತನೆಗೆ ಬೆಂಡೆ, ಚವಳಿಕಾಯಿ, ಪುಂಡಿಪಲ್ಲೆ, ರಾಜಗಿರಿ ಈ ಬಿಸಿಲನ್ನು ತಾಳುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಚವಳಿಯಲ್ಲಿ ಪೂಸಾ ನವಬಹಾರ್ ಹೆಸರಾದ ತಳಿಗಳು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಊರಬೇಕು. ಟೊಮೆಟೊ ಈ ಸಲ ಬಿಡುವುದೇ ಲೇಸು. ಸೆಕೆಗೆ ಹೂ ಉದುರಿ, ಹಾಕಿದ ನೀರು ದಂಡವಾಗುತ್ತದೆ.

ಪಡುವಣ ಬಿಸಿಲಿಗೆ ಅಡ್ಡವಾಗಿ ಹಸಿರು ಬಲೆ ಅಥವಾ ಹಳೆಯ ಸೀರೆ ಕಟ್ಟಬೇಕು. ನಿಂಬೆಯ ಕಾಂಡಕ್ಕೆ ಸುಣ್ಣ ಬಳಿದರೆ ತೊಗಟೆ ಸೀಳುವುದಿಲ್ಲ. ಟೊಂಗೆ ಸವರುವುದು, ಯೂರಿಯಾ ಹಾಕುವುದು ಎರಡೂ ಬೇಡ. ಹೊಸ ಚಿಗುರು ಬಂದಷ್ಟೂ ಗಿಡ ಹೆಚ್ಚು ನೀರು ಕೇಳುತ್ತದೆ. ಒಣ ಹವೆಯಲ್ಲಿ ಬೆಂಡೆ, ಬದನೆಗೆ ನುಸಿ ಬರುತ್ತದೆ. ಎಲೆಯಡಿ ಸಣ್ಣ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಎಲೆಯ ಕೆಳಭಾಗಕ್ಕೆ ಸಿಂಪಡಿಸಬೇಕು.

ಹೊಸ ಮರ ನೆಡುವ ಆಸೆಯಿದ್ದವರು ಈಗ ಗುಂಡಿ ಮಾತ್ರ ತೋಡಿಡಬೇಕು, ಎರಡು ಅಡಿ ಉದ್ದ, ಅಗಲ, ಆಳ. ಸಸಿ ತರುವುದು ಮೃಗಶಿರಾ ಮಳೆ ಬಿದ್ದು, ನೆಲ ಮೊಳದಾಳಕ್ಕೆ ನೆನೆದ ಮೇಲೆ.