ಗಾಡಿ ಮಾಡಿಫೈ ಮಾಡಿಸುವ ಮುನ್ನ: ಎಂಟು ಸೂತ್ರಗಳು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೈಲೆನ್ಸರ್, ಏರ್ ಫಿಲ್ಟರ್, ಅಲಾಯ್ ವೀಲ್, ಲೈಟು, ಏನು ಬೇಕಾದರೂ ಸಿಗುತ್ತದೆ. ಯಾವುದನ್ನು ಹಾಕಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಹೇಳುವವರು ಮಾತ್ರ ವಿರಳ. ದುಡ್ಡು ಪೋಲಾಗದೆ, ಜೀವಕ್ಕೆ ಕುತ್ತು ಬಾರದೆ ನಿಮ್ಮ ಗಾಡಿ ಚೆನ್ನಾಗಿ ಓಡಬೇಕಾದರೆ ಇವನ್ನು ಪಾಲಿಸಿ.

1. ಮೊದಲು ಸ್ಟಾಕ್ ಗಾಡಿಯನ್ನು ಸುಸ್ಥಿತಿಗೆ ತನ್ನಿ.
‘ಪಿಕಪ್ಪೇ ಇಲ್ಲ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಧೂಳು ಕಟ್ಟಿದ ಏರ್ ಫಿಲ್ಟರ್, ಜೋತುಬಿದ್ದ ಚೈನು, ಸವೆದ ಕ್ಲಚ್ಚು ಅಥವಾ ಗಾಳಿ ಇಳಿದ ಟೈರು. ಪೂರ್ತಿ ಸರ್ವಿಸ್ ಮಾಡಿಸಿ, ಒಂದು ತಿಂಗಳು ಓಡಿಸಿ. ಆಮೇಲೂ ಕೊರತೆ ಕಂಡರೆ ಮುಂದಿನ ಮಾತು.

2. ಮೊದಲ ಖರ್ಚು ಟೈರು, ಬ್ರೇಕಿಗೆ.
ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಗಟ್ಟಿಯಾದ ಹಳೆ ಟೈರು ಮಳೆಯಲ್ಲಿ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲ್ ಚಾರ್ಮಾಡಿ ಘಾಟಿಯಂಥ ಉದ್ದನೆಯ ಇಳಿಜಾರಿನಲ್ಲಿ ಕುದಿದರೆ ಲಿವರ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ.

3. ಸದ್ದನ್ನು ಶಕ್ತಿ ಎಂದುಕೊಳ್ಳಬೇಡಿ.
ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ ಕೊಡುವುದು ಸುಮಾರು 20 ಬಿಎಚ್‌ಪಿ. ಬರೀ ಸೈಲೆನ್ಸರ್ ಬದಲಿಸಿದರೆ ಸದ್ದು ಏರುತ್ತದೆ, ಓಟದಲ್ಲಿ ಗಮನಕ್ಕೆ ಬರುವಂಥ ಲಾಭವಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಎಕ್ಸಾಸ್ಟ್‌ನಲ್ಲೇ ಇರುತ್ತವೆ. ಅವನ್ನು ಕಿತ್ತರೆ ವಿಷದ ಹೊಗೆ ಊರಿಗೆಲ್ಲ. ಮಲಗಿದ ಮಗು, ಮನೆಯಲ್ಲಿರುವ ರೋಗಿ ನಿಮ್ಮ ಸೈಲೆನ್ಸರಿಗೆ ಬೆಚ್ಚಬಾರದು.

4. ಒಂದು ಭಾಗ ಮುಟ್ಟಿದರೆ ಅದರ ನೆಂಟರನ್ನೂ ವಿಚಾರಿಸಿ.
ಟರ್ಬೊ ಕಾರಿನ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ರೀಮ್ಯಾಪ್ ಮಾಡಿಸಿದರೆ ಶಕ್ತಿ ಏರುವುದು ನಿಜ. ಆದರೆ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಟಿಎಸ್‌ಐ ಕಂಪನಿಯಿಂದ ಬರುವಾಗಲೇ 250 ಎನ್‌ಎಂ ಟಾರ್ಕ್ ಕೊಡುತ್ತದೆ. ಅದರ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ವಿನ್ಯಾಸದ ಮಿತಿಯೂ 250 ಎನ್‌ಎಂ. ಹೆಚ್ಚಿಗೆ ತುಂಬಿದ ಹೊರೆಯನ್ನು ಹೊರುವುದು ಕ್ಲಚ್ಚು. ವಾರಂಟಿ ತಿರಸ್ಕೃತವಾದರೆ ರಿಪೇರಿ ಖರ್ಚು ನಿಮ್ಮದೇ.

5. ಬೆಳಕಿನ ಆಸೆಗೆ ವೈರಿಂಗ್ ಸುಡಬೇಡಿ.
ಸಾಮಾನ್ಯ ಎಚ್4 ಬಲ್ಬು 60/55 ವಾಟ್. ಅದರ ಜಾಗದಲ್ಲಿ 100/90 ಹಾಕಿದರೆ ತೆಳು ವೈರು ಕಾಯುತ್ತದೆ, ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಮೊದಲು ಮಸುಕಾದ ಗಾಜು ಉಜ್ಜಿಸಿ, ಹೆಡ್‌ಲೈಟಿನ ಎತ್ತರ ಸರಿಮಾಡಿಸಿ.

6. ಕಾನೂನು ತಿಳಿದು ಕೈ ಹಾಕಿ.
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸಿಎನ್‌ಜಿ ಕಿಟ್, ಅಂಗವಿಕಲರಿಗೆ ಬೇಕಾದ ಮಾರ್ಪಾಡುಗಳಿಗೆ ದಾರಿಯಿದೆ. ಆರ್‌ಸಿಯಲ್ಲಿ ದಾಖಲಿಸಿ, ವಿಮಾ ಕಂಪನಿಗೂ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದಾಗ ಕ್ಲೇಮ್ ಕೈತಪ್ಪಬಹುದು.

7. ಒಂದು ಸಲಕ್ಕೆ ಒಂದೇ ಬದಲಾವಣೆ.
ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತೆಂದು ಮೆಕ್ಯಾನಿಕ್‌ಗೂ ತಿಳಿಯದು. ಮೊದಲೂ ಆಮೇಲೂ ಮೈಲೇಜು, ಎಂಜಿನ್ ಬಿಸಿ ಬರೆದಿಡಿ. ಬಿಚ್ಚಿದ ಅಸಲಿ ಭಾಗವನ್ನು ಜೋಪಾನ ಮಾಡಿ. ಗಾಡಿ ಮಾರುವ ದಿನ ಅದಕ್ಕೇ ಬೆಲೆ.

8. ವೇಗಕ್ಕೆ ಟ್ರ್ಯಾಕ್ ಇದೆ, ಅಲ್ಲಿಗೆ ಹೋಗಿ.
ಚೆನ್ನೈ ಹೊರವಲಯದ ಇರುಂಗಾಟುಕೋಟೈ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಬೆಂಗಳೂರಿನಿಂದ ಒಂದು ದಿನದ ದಾರಿ. ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅಂಥ ಗೆಲುವಿನ ಹಿಂದಿರುವುದು ವರ್ಷಗಟ್ಟಲೆ ಪಳಗಿದ ಕೈ. ಸೈಲೆನ್ಸರಿಗೆ ಎತ್ತಿಟ್ಟ ಹಣದಲ್ಲಿ ಒಂದು ರೈಡಿಂಗ್ ತರಬೇತಿಗೆ ಸೇರಿ: ಅಲ್ಲಿ ಕಲಿತ ಬ್ರೇಕಿಂಗ್, ತಿರುವು ತೆಗೆಯುವ ರೀತಿ ಮುಂದೆ ನೀವು ಓಡಿಸುವ ಪ್ರತಿ ಗಾಡಿಗೂ ಒದಗುತ್ತದೆ.